ಎಡಗೈ ಸೋಮಾರಿಯಲ್ಲ, ಅದಕ್ಕೆ ಡಗ್ಗಾದ ಚಟ

ಪ್ರಶ್ನೆ: ಸರ್, ನಮ್ಮದು ಶಹಾಬಾದ ಹತ್ತಿರದ ಹಳ್ಳಿ. ಊರ ಭಜನಾ ಮೇಳದಲ್ಲಿ 6 ವರ್ಷ ಢೋಲಕ್ ಬಾರಿಸಿದ್ದೇನೆ. ಈಗ ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಗೆಳೆಯರ ಗಿಟಾರ್ ಜೊತೆಗೆ 8 ತಿಂಗಳಿಂದ ಕಹೋನ್ (ಮೇಲೆ ಕೂತು ಕೈಯಿಂದ ಬಾರಿಸುವ ಮರದ ಪೆಟ್ಟಿಗೆ) ಬಾರಿಸುತ್ತೇನೆ. ವಿಡಿಯೋ ನೋಡಿ ಸಿಂಗಲ್, ಡಬಲ್, ಪ್ಯಾರಾಡಿಡಲ್ ಎನ್ನುವ ಕೈ ಸರದಿಯ ಪಾಠ ಕಲಿತೆ. ಟಿಕ್ ಟಿಕ್ ಎಂದು ಲಯ ತೋರಿಸುವ ಮೆಟ್ರೊನೋಮ್ ನಿಮಿಷಕ್ಕೆ 70 ಬಡಿತದಲ್ಲಿದ್ದರೆ ಎಲ್ಲ ಸರಿ, 95 ದಾಟಿದರೆ ಎಡಗೈ ಹಿಂದೆ ಬೀಳುತ್ತದೆ. ಬಲಗೈ ಸ್ಲ್ಯಾಪ್ (ಮೇಲಂಚಿನ ಚುರುಕು ಪೆಟ್ಟು) ಟಣ್ ಅನ್ನುತ್ತದೆ, ಎಡಗೈಯದು ತೊಪ್ ಅಂತ ಸತ್ತುಹೋಗುತ್ತದೆ. ದಿನಾ ರಾತ್ರಿ ಒಂದೂವರೆ ತಾಸು ಕೂಡುತ್ತೇನೆ. ಎಡಗೈಗೆ ಶಕ್ತಿ ಬರಲು ಏನು ಮಾಡಬೇಕು? ಇನ್ನೂ ಯಾವ ಯಾವ ಪ್ಯಾಟರ್ನ್ ಕಲಿಯಲಿ? ಬಾಡಿಗೆ ಮನೆ, ಸದ್ದಿನದೂ ತಕರಾರಿದೆ.

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ‘6 ವರ್ಷ ಢೋಲಕ್’ ಎನ್ನುವ ಮಾತು. ತೊಂದರೆಯ ಬೇರು ಅಲ್ಲೇ ಇದೆ. ಎಡಗೈಗೆ ಶಕ್ತಿ ಕಡಿಮೆ ಅನ್ನುತ್ತೀರಿ. ಇವತ್ತೇ ಒಂದು ಪರೀಕ್ಷೆ ಮಾಡಿ. ಕಹೋನ್ ಮೇಲೆ ಕೂತು, ಮೇಲಂಚಿನಿಂದ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಕೆಳಗೆ, ಬರೀ ಎಡ ಅಂಗೈಯಿಂದ ಬೇಸ್, ಅಂದರೆ ದಪ್ಪ ಸದ್ದಿನ ಪೆಟ್ಟು, ಹೊಡೆಯಿರಿ. ಆಮೇಲೆ ಬಲ ಅಂಗೈಯಿಂದ. ಎಡಗೈಯ ಬೇಸೇ ಹೆಚ್ಚು ದುಂಡಗೆ, ತುಂಬಿಕೊಂಡು ಬರುತ್ತದೆ ಎಂದು ನಾನು ಇಲ್ಲಿಂದಲೇ ಹೇಳಬಲ್ಲೆ. ಹಾಗೆ ಬಂದರೆ ಅದು ಅಶಕ್ತ ಕೈ ಹೇಗಾದೀತು?

ಢೋಲಕ್ಕಿನಲ್ಲಿ ಒಂದೊಂದು ಕೈಗೆ ಒಂದೊಂದು ಮುಖ. ಎಡಗೈ ದೊಡ್ಡ ಮುಖದ ಮೇಲೆ ಗುಂಯ್ ಅನ್ನಿಸಬೇಕು, ಬಲಗೈ ಸಣ್ಣ ಮುಖದ ಮೇಲೆ ಟಕಟಕ ಆಡಬೇಕು. (ಕೆಲವರು ತಿರುವಿ ಹಿಡಿಯುತ್ತಾರೆ. ನಿಮ್ಮ ಬಲಗೈ ಸ್ಲ್ಯಾಪ್ ಚೆನ್ನಾಗಿದೆಯಾದ್ದರಿಂದ ನೀವು ಅವರಲ್ಲಿ ಒಬ್ಬರಲ್ಲ.) ತಬಲಾದಲ್ಲೂ ಅದೇ ಸಂಸಾರ, ಎಡಕ್ಕೆ ಡಗ್ಗಾ, ಬಲಕ್ಕೆ ತಬಲಾ. ಜಾತ್ರೆಯಲ್ಲಿ ಹಲಗೆ ಬಾರಿಸುವವರ ಕೈ ನೋಡಿ, ಒಂದರಲ್ಲಿ ದಪ್ಪ ಕೋಲು, ಇನ್ನೊಂದರಲ್ಲಿ ಸಣ್ಣ ಕಡ್ಡಿ. ಇಂಥ ವಾದ್ಯಗಳಲ್ಲಿ ಕೈಗೂ ಸದ್ದಿಗೂ ಗಂಟು ಬಿದ್ದಿರುತ್ತದೆ. ಎಡ ಅಂದರೆ ಗುಂ, ಬಲ ಅಂದರೆ ಟಾ. ಕಹೋನ್‌ಗೆ ಇರುವುದು ಒಂದೇ ಮುಖ. ಕೆಳಗೆ ಬಡಿದರೆ ಬೇಸ್, ಮೇಲಂಚಿಗೆ ಬಡಿದರೆ ಸ್ಲ್ಯಾಪ್. ಯಾವ ಕೈ ಬಡಿಯಿತು ಎಂದು ಪೆಟ್ಟಿಗೆ ಕೇಳುವುದಿಲ್ಲ. ನಿಮ್ಮ ಎಡಗೈ ಮಾತ್ರ ಇನ್ನೂ ಢೋಲಕ್ಕಿನಲ್ಲೇ ಇದೆ. ಸ್ಲ್ಯಾಪ್ ಹೊಡೆ ಅಂದರೂ ಡಗ್ಗಾ ಒತ್ತುವ ಹಾಗೆ ಬಂದು ಕೂತುಬಿಡುತ್ತದೆ.

ಇದನ್ನು ನಾನು ಬೇರೆಯವರ ಕೈ ನೋಡಿ ಕಲಿತದ್ದಲ್ಲ. ಇಪ್ಪತ್ತು ವರ್ಷ ತಬಲಾ ಬಾರಿಸಿದ ಮೇಲೆ ನಾನು ಮೊದಲ ಸಲ ಕಹೋನ್ ಮೇಲೆ ಕೂತದ್ದು ಇದೇ ಕಲಬುರಗಿಯ ಒಂದು ಮದುವೆ ಆರತಕ್ಷತೆಯಲ್ಲಿ. ತಬಲಾ ಬರುತ್ತದಲ್ಲ, ಇದೇನು ಮಹಾ, ಬರೀ ಡಬ್ಬಿ ಎನ್ನುವ ಸೊಕ್ಕು. ಮೂರನೇ ಹಾಡಿಗೆ ಗಿಟಾರಿನ ಹುಡುಗ ತಿರುಗಿ ನೋಡಿದ. ನಾಲ್ಕನೇ ಹಾಡಿಗೆ ನಾನೇ ತಲೆ ತಗ್ಗಿಸಿದೆ.

ಕೈಯ ಮೇಲೆ ತಪ್ಪು ಹೊರಿಸುವ ಮುಂಚೆ ಪೆಟ್ಟಿಗೆಯನ್ನೂ ಒಮ್ಮೆ ವಿಚಾರಿಸಿಕೊಳ್ಳಿ. ಎಡ ಮೂಲೆಗೆ ಬಲಗೈಯಿಂದ ಸ್ಲ್ಯಾಪ್ ಹೊಡೆಯಿರಿ. ಅಲ್ಲೂ ತೊಪ್ ಅಂದರೆ ದೋಷ ಮೂಲೆಯದು. ಕಹೋನ್‌ನ ಮುಂದಿನ ತೆಳು ಪ್ಲೈವುಡ್ ಹಾಳೆ ಸಾಮಾನ್ಯವಾಗಿ 3 ಮಿಲಿಮೀಟರ್ ಆಸುಪಾಸಿನದು. ಅದರ ಮೇಲಿನ ಎರಡು ಮೂಲೆಗಳನ್ನು ಬೇಕೆಂದೇ ತುಸು ಸಡಿಲ ಬಿಟ್ಟಿರುತ್ತಾರೆ. ಹೊಡೆದಾಗ ಆ ಮೂಲೆ ಚೌಕಟ್ಟಿಗೆ ತಾಗಿ ಚಟ್ ಅನ್ನುತ್ತದೆ, ಸ್ಲ್ಯಾಪಿನ ಖಾರ ಹುಟ್ಟುವುದು ಅಲ್ಲಿ. ಮೂಲೆಯ ಸ್ಕ್ರೂ ಪೂರ್ತಿ ಬಿಗಿದಿದ್ದರೆ ಖಾರ ಹೋಯಿತು, ಕಾಲು ಸುತ್ತು ಸಡಿಲಿಸಿ ನೋಡಿ. ಬಲಗೈ ಹೊಡೆದಾಗ ಎಡ ಮೂಲೆಯೂ ಟಣ್ ಅಂದರೆ ಸ್ಕ್ರೂ ಮುಟ್ಟಬೇಡಿ, ಕೈಯ ಕಡೆ ಬನ್ನಿ.

ಸ್ಥಳೀಯ ಬಡಿಗೇರರ ಹತ್ತಿರ ಮಾಡಿಸಿದ ಪೆಟ್ಟಿಗೆಯಾದರೆ ಹಾಳೆಯ ದಪ್ಪ ಅಳೆದು ನೋಡಿ. ನಾನು ಮಾಡಿಸಿದ ಮೊದಲ ಪೆಟ್ಟಿಗೆಗೆ, ಗಟ್ಟಿ ಇರಲಿ ಸಾಹೇಬ್ರ ಅಂತ ಅವರು ಮುಂದೆಯೂ 6 ಮಿಲಿಮೀಟರ್ ಪ್ಲೈವುಡ್ಡೇ ಹಾಕಿದ್ದರು. ಕೂಡಲು ಬಹಳ ಚಲೋ ಇತ್ತು. ಇಂದಿಗೂ ನಮ್ಮ ಮನೆಯಲ್ಲಿ ಅದು ಸ್ಟೂಲು.

ಕೈಯ ವಿಷಯ. ನಿಮ್ಮ ಫೋನನ್ನು ಪಕ್ಕದಲ್ಲಿ, ಪೆಟ್ಟಿಗೆಯ ಮೇಲಂಚಿನ ಮಟ್ಟಕ್ಕೆ ಇಟ್ಟು 95ರಲ್ಲಿ ಬಾರಿಸುವ ವಿಡಿಯೋ ತೆಗೆಯಿರಿ. ನಿಧಾನ ಮಾಡಿ ನೋಡಿ. ಬಲಗೈ ಎರಡು ಮೂರು ಇಂಚು ಎದ್ದು ಬೀಳುತ್ತಿರುತ್ತದೆ, ಎಡಗೈ ಏಳೆಂಟು ಇಂಚು ಏಳುತ್ತಿರುತ್ತದೆ. ದೊಡ್ಡ ಮುಖಕ್ಕೆ ಬೀಸಿ ಹೊಡೆದ ರೂಢಿ ಅದು. ಲೆಕ್ಕ ಹಾಕಿ: ಒಂದು ಬಡಿತಕ್ಕೆ 4 ಪೆಟ್ಟಿನಂತೆ 70ರಲ್ಲಿ ನಿಮಿಷಕ್ಕೆ 280 ಪೆಟ್ಟು, 95ರಲ್ಲಿ 380. ಅಂದರೆ ಸೆಕೆಂಡಿಗೆ 6ಕ್ಕೂ ಹೆಚ್ಚು. ಅಷ್ಟರೊಳಗೆ ಎಂಟು ಇಂಚು ಹೋಗಿ ಬರಲು ಎಡಗೈಗೆ ಪುರುಸೊತ್ತಿಲ್ಲ, ತಡವಾಗುತ್ತದೆ. ತಡವಾಯಿತೆಂದು ನೀವು ಇನ್ನಷ್ಟು ಬಲ ಹಾಕುತ್ತೀರಿ, ಬಲ ಹಾಕಲು ಕೈ ಇನ್ನಷ್ಟು ಮೇಲೆದ್ದು ಮತ್ತೂ ತಡವಾಗುತ್ತದೆ. ಬಂದೇನವಾಜ್ ದರ್ಗಾದ ಉರುಸಿನಲ್ಲಿ ಕವ್ವಾಲಿ ಕೇಳಿರಬೇಕಲ್ಲ? ಚಪ್ಪಾಳೆ ಹಾಕುವವರನ್ನು ನೋಡಿ, ಲಯ ಏರಿದಂತೆ ಅವರ ಕೈಗಳ ನಡುವಿನ ಜಾಗ ಕಿರಿದಾಗುತ್ತಾ ಹೋಗುತ್ತದೆ. ನಿಮ್ಮ ಎಡಗೈಗೂ ಅಷ್ಟೇ ಬೇಕು.

ಎರಡನೆಯದು, ಕೈ ಬಿದ್ದ ಮೇಲೆ ಏಳುವುದು. ಡಗ್ಗಾದಲ್ಲಿ ಮಣಿಕಟ್ಟು ಚರ್ಮದ ಮೇಲೆ ಕೂತೇ ಇರುತ್ತದೆ, ಒತ್ತಿ ಜಾರಿಸಿದರೆ ಸದ್ದು ಬಾಗುತ್ತದೆ, ಅದೇ ಅದರ ಚೆಂದ. ಮರದ ಹಾಳೆಯ ಮೇಲೆ ಕೈ ಕೂತರೆ ಸದ್ದಿನ ಕತ್ತು ಹಿಸುಕಿದಂತೆ. ಮನೆಯಲ್ಲಿ ಅವ್ವ ರೊಟ್ಟಿ ಬಡಿಯುವಾಗ ಕಣ್ಣು ಮುಚ್ಚಿ ಕೇಳಿ. ಅಂಗೈ ಬಿದ್ದ ಗಳಿಗೆಯಲ್ಲೇ ಏಳುತ್ತದೆ, ಹಿಟ್ಟಿಗೆ ಅಂಟಿ ಕೂತರೆ ರೊಟ್ಟಿ ಹರಿಯುತ್ತದೆ. ಬೇಸ್‌ಗೆ ಬೇಕಾದ ಅಂಗೈ ಅದು. ಸ್ಲ್ಯಾಪ್‌ಗೆ ಬೆರಳುಗಳ ಬುಡ ಅಂಚಿಗೆ ತಾಗಬೇಕು, ಬೆರಳುಗಳು ಒದ್ದೆ ಟವೆಲ್ ಕೊಡವಿದ ಹಾಗೆ ತಾವಾಗಿ ಹಾಳೆಯ ಮೇಲೆ ಬಿದ್ದು ಬರಬೇಕು. ಬೆರಳು ಬಿಗಿ ಹಿಡಿದರೆ ತೊಪ್. ಎಡಗೈಯದು ಇನ್ನೊಂದು ಕೀಟಲೆಯೂ ಇರುತ್ತದೆ. ಢೋಲಕ್ಕಿನ ಎಡ ಮುಖ ಪಕ್ಕಕ್ಕೆ ಇರುವುದರಿಂದ ಅದು ಅಡ್ಡದಿಂದ ಬರಲು ನೋಡುತ್ತದೆ. ಇಲ್ಲಿ ಮೇಲಿನಿಂದ ಬರಬೇಕು. ಎಡ ಮೊಣಕೈಯನ್ನು ಪಕ್ಕೆಯ ಹತ್ತಿರ ತಂದರೆ ಅರ್ಧ ಸರಿಹೋಗುತ್ತದೆ.

ಅಭ್ಯಾಸಕ್ಕೆ ಬರೋಣ. ಬಲಗೈಗೆ ‘ಬ’, ಎಡಗೈಗೆ ‘ಎ’ ಎಂದು ಬರೆಯುತ್ತೇನೆ. ಸದ್ದಿಗೆ ಮೂರೇ ಬೋಲು (ಬಾಯಲ್ಲಿ ಹೇಳುವ ಅಕ್ಷರ) ಸಾಕು: ಬೇಸ್‌ಗೆ ಧುಂ, ಸ್ಲ್ಯಾಪ್‌ಗೆ ಟಾ, ಬೆರಳ ತುದಿಯಿಂದ ಕೇಳಿಯೂ ಕೇಳದಂತೆ ಮುಟ್ಟುವ ಸಣ್ಣ ಹೊಡೆತಕ್ಕೆ ಕಿ. ಭಜನೆಯಿಂದ ಬಂದವರಿಗೆ ಬೋಲು ಹೇಳುವುದು ಹೊಸದಲ್ಲ, ಆದರೆ ಕಹೋನ್ ಹಿಡಿದ ಹುಡುಗರು ಯಾಕೋ ಬಾಯಿ ಮುಚ್ಚಿಕೊಂಡು ಬಾರಿಸುತ್ತಾರೆ. ಪ್ರತಿ ಪಾಠವನ್ನೂ ಮೊದಲು ಬಾಯಲ್ಲಿ ಹೇಳಿ, ಆಮೇಲೆ ತೊಡೆಯ ಮೇಲೆ, ಆಮೇಲೆ ಪೆಟ್ಟಿಗೆಯ ಮೇಲೆ.

ಮೊದಲ ವಾರ ಒಂದೇ ಒಂದು ಕೆಲಸ. ಮೆಟ್ರೊನೋಮ್ 60. ಬ ಎ ಬ ಎ, ಎಲ್ಲವೂ ಟಾ. ಎರಡೂ ಕೈ ಮೂರು ಇಂಚಿಗಿಂತ ಮೇಲೇಳಕೂಡದು. ಎರಡು ನಿಮಿಷ ರೆಕಾರ್ಡ್ ಮಾಡಿ, ಅರ್ಧ ತಾಸು ಬಿಟ್ಟು ಕಣ್ಣು ಮುಚ್ಚಿ ಕೇಳಿ. ಯಾವುದು ಎಡ, ಯಾವುದು ಬಲ ಎಂದು ನಿಮಗೇ ಗುರುತು ಹತ್ತಿದರೆ ಪಾಠ ಮುಗಿದಿಲ್ಲ. ಬೇಸರದ ಕೆಲಸ, ಒಪ್ಪುತ್ತೇನೆ. ಆದರೆ ಇದನ್ನು ಹಾರಿಸಿ ಮುಂದೆ ಹೋದವರೆಲ್ಲ ತಿಂಗಳ ಮೇಲೆ ಇದೇ ಪ್ರಶ್ನೆ ಹಿಡಿದು ವಾಪಸು ಬಂದಿದ್ದಾರೆ.

ಇಲ್ಲಿ ಒಂದು ಕಿವಿಮಾತು. ನಿಮ್ಮ ಪೆಟ್ಟಿಗೆಯೊಳಗೆ ತಂತಿ ಇದ್ದರೆ, ಬಿಡಿಸಲು ಬರುವಂತಿದ್ದರೆ, ಈ ವಾರ ಅದನ್ನು ಹಾಳೆಯಿಂದ ದೂರ ಸರಿಸಿ. ಪೆರುವಿನ ಮೂಲ ಕಹೋನ್‌ನಲ್ಲಿ ತಂತಿ ಇರುವುದಿಲ್ಲ. ಅದು ಆಫ್ರಿಕಾದಿಂದ ಗುಲಾಮರಾಗಿ ಬಂದವರು ಸರಕಿನ ಪೆಟ್ಟಿಗೆಗಳನ್ನು ಬಡಿದು ಕಟ್ಟಿಕೊಂಡ ವಾದ್ಯ. ಸ್ಪೇನಿನ ಗಿಟಾರ್ ವಾದಕ ಪಾಕೋ ದೆ ಲೂಸಿಯಾ 1977ರಲ್ಲಿ ಪೆರುವಿಗೆ ಹೋದಾಗ ಅದನ್ನು ಕಂಡು ತಮ್ಮ ದೇಶಕ್ಕೆ ಒಯ್ದರು. ಫ್ಲಮೆಂಕೋ ಸಂಗೀತಕ್ಕೆ ಹೊಂದಿಕೊಂಡ ಮೇಲೆ ಒಳಗೆ ತಂತಿ ಸೇರಿತು. ತಂತಿಯ ಜರ್ ಜರ್ ಕೇಳಲು ರಂಜಕ, ಆದರೆ ಎಡಗೈಯ ತಪ್ಪನ್ನು ಮುಚ್ಚಿಹಾಕುವುದರಲ್ಲಿ ಅದನ್ನು ಮೀರಿದ್ದು ಇಲ್ಲ. (ನಮ್ಮ ಅಂಗಡಿಗಳಲ್ಲಿ ಕಾಜೋನ್ ಅನ್ನುತ್ತಾರೆ, ಸ್ಪ್ಯಾನಿಷಿನಲ್ಲಿ ಕಹೋನ್. ಕೇಳುವಾಗ ಕಾಜೋನ್ ಅಂತಲೇ ಕೇಳಿ, ಇಲ್ಲದಿದ್ದರೆ ಅಂಗಡಿಯವರು ನಿಮ್ಮ ಮುಖ ನೋಡುತ್ತಾರೆ.)

ಎರಡನೇ ವಾರ ಅದೇ ಬ ಎ ಬ ಎ, ಆದರೆ ನಾಲ್ಕರಲ್ಲಿ ಒಂದೇ ಟಾ, ಉಳಿದ ಮೂರೂ ಕಿ. ಎಲ್ಲರೂ ಒತ್ತನ್ನು ಮೊದಲ ಪೆಟ್ಟಿನಿಂದ ಶುರುಮಾಡುತ್ತಾರೆ. ನೀವು ಎರಡನೆಯದರಿಂದ ಶುರುಮಾಡಿ: ಕಿ ಟಾ ಕಿ ಕಿ. ಆಮೇಲೆ ನಾಲ್ಕನೆಯದು: ಕಿ ಕಿ ಕಿ ಟಾ. ಎರಡೂ ಎಡಗೈಗೆ ಬೀಳುತ್ತವೆ. ಟಾಗೆ ನಾಲ್ಕು ಇಂಚು, ಕಿಗೆ ಒಂದು ಇಂಚು. ಟಾ ಹೊಡೆದ ಎಡಗೈ ಮತ್ತೆ ಮೇಲೆ ಹಾರದೆ ಒಂದು ಇಂಚಿನಲ್ಲೇ ನಿಲ್ಲಬೇಕು, ಕಷ್ಟವೆಲ್ಲ ಈ ನಿಲ್ಲುವುದರಲ್ಲಿದೆ.

ಪ್ಯಾರಾಡಿಡಲ್ ಯಾಕೆ ಕುಸಿಯುತ್ತದೆ ಎಂದರೆ, ಅದು ಕೋಲಿಗೆ ಹುಟ್ಟಿದ ಪಾಠ. ಡ್ರಮ್ ಮೇಲೆ ಕೋಲು ಬಿದ್ದರೆ ತಾನೇ ಪುಟಿಯುತ್ತದೆ, ಎರಡನೇ ಪೆಟ್ಟು ಅರ್ಧ ಪುಕ್ಕಟೆ. ಮರಕ್ಕೆ ಬಿದ್ದ ಕೈ ಹಾಗೆ ಪುಟಿಯುವುದಿಲ್ಲ. ಬ ಎ ಬ ಬ, ಎ ಬ ಎ ಎ ಎನ್ನುವುದರಲ್ಲಿ ಕೊನೆಯ ಎರಡು ಪೆಟ್ಟನ್ನು ಒಂದೇ ಕೈ ಸ್ವಂತ ದುಡಿಮೆಯಿಂದ ಹೊಡೆಯಬೇಕು. ವಿಡಿಯೋದವರು ಇದನ್ನು ಹೇಳುವುದಿಲ್ಲ, ಅವರಲ್ಲಿ ಬಹಳ ಜನ ಡ್ರಮ್ ಸೆಟ್ಟಿನಿಂದ ಬಂದವರು. ಉಪಾಯ ಸರಳ, ಆ ಜೋಡಿ ಪೆಟ್ಟುಗಳನ್ನು ಕಿ ಮಾಡಿಬಿಡಿ, ಮಣಿಕಟ್ಟು ಎತ್ತದೆ ಬೆರಳಲ್ಲೇ ಮುಟ್ಟಿ. ಮೊದಲ ಹೊಡೆತಕ್ಕೆ ಮಾತ್ರ ತೂಕ ಕೊಡಿ:

ಧುಂ ಕಿ ಕಿ ಕಿ, ಟಾ ಕಿ ಕಿ ಕಿ
ಬ ಎ ಬ ಬ, ಎ ಬ ಎ ಎ

ನೋಡಿದಿರಾ? ಬಲಗೈ ಬೇಸ್, ಎಡಗೈ ಸ್ಲ್ಯಾಪ್. ನಿಮ್ಮ 6 ವರ್ಷದ ರೂಢಿ ತಲೆಕೆಳಗಾಯಿತು. ಅದೇ ಹೊತ್ತಿಗೆ, ಗಿಟಾರ್ ಹಾಡುಗಳಿಗೆ ಬೇಕಾದ ಒಂದು ಮೂರನೇ ಬಡಿತಕ್ಕೆ ಬೇಸ್, ಎರಡು ನಾಲ್ಕನೇ ಬಡಿತಕ್ಕೆ ಸ್ಲ್ಯಾಪ್ ಎನ್ನುವ ನಡೆಯೂ ಸಿಕ್ಕಿತು. ಅಭ್ಯಾಸ ಬೇರೆ, ಹಾಡು ಬೇರೆ ಎಂದು ಒದ್ದಾಡಬೇಕಾಗಿಲ್ಲ. ಗೆಳೆಯನನ್ನು ಕೂರಿಸಿಕೊಂಡು ಗಿಟಾರಿನ ನಾಲ್ಕು ಕಾರ್ಡ್ (ಸ್ವರಗುಚ್ಛ) ಸುತ್ತಿಸಲು ಹೇಳಿ, ಇದನ್ನೇ ಹತ್ತು ನಿಮಿಷ ಬಾರಿಸಿ.

ಇನ್ನೂ ಯಾವ ಪ್ಯಾಟರ್ನ್ ಕಲಿಯಲಿ ಎಂದು ಕೇಳಿದ್ದೀರಿ. ಡ್ರಮ್ಮಿನವರ ರೂಢಿಯ ಪಟ್ಟಿಯಲ್ಲಿ 40 ಇವೆ. ನಿಮಗೆ ಸದ್ಯ ಅವುಗಳಲ್ಲಿ ನಾಲ್ಕೂ ಬೇಡ. ಸಿಂಗಲ್, ಪ್ಯಾರಾಡಿಡಲ್ ಎರಡೇ ಸಾಕು, ಡಬಲ್ ಆಮೇಲೆ. ಅದರ ಬದಲು ನಿಮ್ಮ ಹತ್ತಿರವೇ ಇರುವ ಠೇಕಾಗಳನ್ನು, ಅಂದರೆ ತಾಳಗಳ ಬೋಲಿನ ಸಾಲುಗಳನ್ನು, ತೆಗೆಯಿರಿ. 8 ಮಾತ್ರೆಯ (ಎಣಿಕೆಯ) ಕೆಹರವಾ ತಾಳ ನಿಮಗೆ ನಿದ್ದೆಯಲ್ಲೂ ಬರುತ್ತದೆ: ಧಾ ಗೆ ನಾ ತಿ, ನಾ ಕೆ ಧಿ ನಾ. ಕಹೋನ್ ಮೇಲೆ ಅದನ್ನು ಧುಂ ಧುಂ ಟಾ ಕಿ, ಟಾ ಕಿ ಧುಂ ಟಾ ಎಂದು ಇಳಿಸಿ, ಕೈ ಮಾತ್ರ ಕಟ್ಟುನಿಟ್ಟಾಗಿ ಬ ಎ ಬ ಎ. ಬಲದಿಂದ ಶುರುಮಾಡಿದರೆ ಮೂರು ಟಾಗಳಲ್ಲಿ ಕೊನೆಯದು ಮಾತ್ರ ಎಡಗೈಗೆ ಬರುತ್ತದೆ. ಎಡದಿಂದ ಶುರುಮಾಡಿದರೆ ಎರಡು ಬರುತ್ತವೆ. ಹಾಗಾಗಿ ಎಡದಿಂದಲೇ ಶುರುಮಾಡಿ. ಮೊದಲ ದಿನ ಮೈಯೆಲ್ಲ ತಪ್ಪು ತಪ್ಪು ಅನ್ನುತ್ತದೆ, ಎಡಗಾಲಿಗೆ ಬಲಗಾಲಿನ ಚಪ್ಪಲಿ ಹಾಕಿದಂತೆ.

ಕೆಹರವಾದಲ್ಲಿ ಒಂದು ಕಳ್ಳದಾರಿ ಇದೆ. 8 ಸಮಸಂಖ್ಯೆಯಾದ್ದರಿಂದ ಯಾವ ಕೈಯಿಂದ ಹೊರಟಿರೋ ಪ್ರತಿ ಸುತ್ತಿಗೂ ಅದೇ ಕೈ ಬರುತ್ತದೆ. ದಾದ್ರಾ ತಾಳದ 6 ಮಾತ್ರೆಗೂ ಅದೇ ಹಣೆಬರಹ. ಕಳ್ಳನನ್ನು ಹಿಡಿಯಲು ರೂಪಕ್ ತಾಳ ಬೇಕು. 7 ಮಾತ್ರೆ, ತೀ ತೀ ನಾ, ಧೀ ನಾ, ಧೀ ನಾ. ತೀಗೆ ಕಿ, ನಾಗೆ ಟಾ, ಧೀಗೆ ಧುಂ ಹಾಕಿ, ಕೈಗಳನ್ನು ಒಂದಾದ ಮೇಲೊಂದು ಬಿಡುತ್ತಾ ಹೋಗಿ:

ಕಿ ಕಿ ಟಾ, ಧುಂ ಟಾ, ಧುಂ ಟಾ
ಬ ಎ ಬ, ಎ ಬ, ಎ ಬ

ಕಿ ಕಿ ಟಾ, ಧುಂ ಟಾ, ಧುಂ ಟಾ
ಎ ಬ ಎ, ಬ ಎ, ಬ ಎ

ಮೊದಲ ಸುತ್ತಿನಲ್ಲಿ ಮೂರು ಟಾಗಳೂ ಬಲಗೈಗೆ, ಎರಡು ಧುಂಗಳೂ ಎಡಗೈಗೆ. ಅಪ್ಪಟ ಢೋಲಕ್. ಎರಡನೇ ಸುತ್ತಿನಲ್ಲಿ ಒಂದೂ ಬಿಡದಂತೆ ಎಲ್ಲ ಅದಲು ಬದಲು. ಏಳೇಳು ಪೆಟ್ಟಿಗೊಮ್ಮೆ ನಿಮ್ಮ ಹಳೆಯ ಕೈಯೂ ಹೊಸ ಕೈಯೂ ಎದುರುಬದುರು ನಿಲ್ಲುತ್ತವೆ. ಎರಡು ಸುತ್ತಿನ ಸದ್ದೂ ಒಂದೇ ಆಗಿರಬೇಕು. ಆಗಿದೆಯೋ ಇಲ್ಲವೋ ನಿಮ್ಮ ಕಿವಿಗೆ ಆ ಕ್ಷಣವೇ ಗೊತ್ತಾಗುತ್ತದೆ, ನನ್ನನ್ನು ಕೇಳಬೇಕಾಗಿಲ್ಲ. ನನ್ನ ಹತ್ತಿರ ಬರುವ ಢೋಲಕ್, ತಬಲಾ ಹುಡುಗರಿಗೆ ನಾನು ಬೇರೆಲ್ಲ ಬಿಡಿಸಿ ಇದೊಂದನ್ನೇ ಒಂದು ತಿಂಗಳು ಬಾರಿಸಲು ಹಚ್ಚುತ್ತೇನೆ. ನನ್ನ ಎಡಗೈ ದಾರಿಗೆ ಬಂದದ್ದೂ ಇದರಿಂದಲೇ, ಆರತಕ್ಷತೆಯ ಆ ಅವಮಾನದ ಮೇಲೆ. ಕೈ ಅದಲಾಗುವ ಜಾಗದಲ್ಲಿ, ಅಂದರೆ ಕೊನೆಯ ಟಾ ದಾಟಿ ಮುಂದಿನ ಸುತ್ತಿನ ಮೊದಲ ಮಾತ್ರೆಯಾದ ಸಮ್‌ಗೆ ಬರುವಲ್ಲಿ, ಎಲ್ಲರೂ ಒಂದು ಕೂದಲೆಳೆ ನಿಲ್ಲುತ್ತಾರೆ. ಆ ನಿಲುಗಡೆ ಹೋಗುವ ತನಕ ವೇಗ ಏರಿಸಬೇಡಿ.

ವೇಗದ ಲೆಕ್ಕ ಹೀಗಿಡಿ. 95ರಲ್ಲಿ ಕೆಡುತ್ತದೆ ಎಂದರೆ 95ರಲ್ಲಿ ಗುದ್ದಾಡಿ ಉಪಯೋಗವಿಲ್ಲ, ಅಲ್ಲಿ ಕೈ ಕಲಿಯುವುದು ತಪ್ಪನ್ನೇ. 60ರಿಂದ ಹೊರಡಿ. ಮೂರು ನಿಮಿಷ ತಪ್ಪಿಲ್ಲದೆ ಬಂದರೆ 4 ಏರಿಸಿ. ಕೆಟ್ಟರೆ 8 ಇಳಿಸಿ. 80ಕ್ಕೆ ಬಂದಾಗ ಮೆಟ್ರೊನೋಮನ್ನು 40ಕ್ಕೆ ಇಟ್ಟು, ಆ ಟಿಕ್ ಎರಡನೇ ಮತ್ತು ನಾಲ್ಕನೇ ಬಡಿತ ಎಂದು ಭಾವಿಸಿ ಪ್ಯಾರಾಡಿಡಲ್ ಬಾರಿಸಿ. ಎಡಗೈಯ ಪ್ರತಿ ಟಾ ಟಿಕ್ ಮೇಲೆ ಬೀಳಬೇಕು, ಬಿದ್ದಾಗ ಟಿಕ್ ಕೇಳಿಸುವುದೇ ಇಲ್ಲ.

ರಾತ್ರಿ ಒಂದೂವರೆ ತಾಸು ಒಂದೇ ಸಮ ಕೂಡುವುದನ್ನು ಬಿಟ್ಟುಬಿಡಿ. ಇಪ್ಪತ್ತು ನಿಮಿಷದ ಮೂರು ಪಾಳಿ ಸಾಕು, ನಡುವೆ ಎದ್ದು ಓಡಾಡಿ. ಪೆಟ್ಟಿಗೆಯ ಮೇಲೆ ಕೂತು ಬಗ್ಗಿ ಬಾರಿಸಿದರೆ ಮೊದಲು ನೋಯುವುದು ನಡು. ಹೊಡೆಯುವಾಗ ಉಂಗುರ, ಕಡಗ ತೆಗೆದಿಡಿ. ಅಂಗೈ ಕೆಂಪಾಗುವುದು ಸಹಜ, ಬೆರಳ ಗೆಣ್ಣಿನೊಳಗೆ ನೋವು ಬರುವುದು ಅಥವಾ ಜುಮುಗುಡುವುದು ಸಹಜವಲ್ಲ. ಹಾಗಾದರೆ ನಾಲ್ಕು ದಿನ ಬಿಡಿ, ಆಮೇಲೂ ಇದ್ದರೆ ಡಾಕ್ಟರಿಗೆ ತೋರಿಸಿ.

ನಮ್ಮ ಬಿಸಿಲಿನದೂ ಒಂದು ಮಾತು. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರು ಇದು. ತಗಡಿನ ಕೋಣೆಯಲ್ಲಿ, ಗಾಡಿಯ ಡಿಕ್ಕಿಯಲ್ಲಿ ಪೆಟ್ಟಿಗೆ ಬಿಟ್ಟರೆ ಮರ ಒಣಗಿ ಸ್ಕ್ರೂ ಸಡಿಲವಾಗುತ್ತವೆ, ಅಂಟು ಬಿಡುತ್ತದೆ. ಮಳೆಗಾಲದಲ್ಲಿ ಮರ ಉಬ್ಬಿ ಅದೇ ಮೂಲೆ ಬಿಗಿಯಾಗುತ್ತದೆ. ಏಪ್ರಿಲ್‌ನಲ್ಲಿ ಟಣ್ ಅಂದ ಮೂಲೆ ಆಗಸ್ಟ್‌ನಲ್ಲಿ ತೊಪ್ ಅಂದರೆ ಎಡಗೈಯನ್ನು ಬೈಯಬೇಡಿ, ಮೇಲೆ ಹೇಳಿದ ಮೂಲೆಯ ಪರೀಕ್ಷೆ ಮತ್ತೆ ಮಾಡಿ.

ಇನ್ನು ಮನೆ ಮಾಲೀಕರು. ಕೆಳಗಿನ ಮನೆಯವರಿಗೆ ಹೋಗಿ ತಟ್ಟುವುದು ಬೇಸ್, ಸ್ಲ್ಯಾಪ್ ಅಲ್ಲ. ಹಿಂದಿನ ರಂಧ್ರದೊಳಗೆ ಹಳೆಯ ಚಾದರ ತುರುಕಿ, ಪೆಟ್ಟಿಗೆಯ ಕೆಳಗೆ ಮಡಿಸಿದ ಕೌದಿ ಹಾಸಿ, ಗಣನೀಯವಾಗಿ ಇಳಿಯುತ್ತದೆ. ರಾತ್ರಿ ಒಂಬತ್ತರ ಮೇಲೆ ತೊಡೆ ಅಥವಾ ಗಾದಿ. ಊರಿಗೆ ಹೋದಾಗ ಮನೆಯಲ್ಲಿ ತೊಗರಿ ಚೀಲ ಇದ್ದರೆ ಅದರ ಮೇಲೂ ರೂಪಕ್ ಬಾರಿಸಬಹುದು. ಕಾಳು ಕೈಯನ್ನು ವಾಪಸು ಎಸೆಯುವುದಿಲ್ಲ, ಪ್ರತಿ ಸಲ ನೀವೇ ಎತ್ತಬೇಕು, ಎಡಗೈಗೆ ಒಳ್ಳೆಯ ಶಿಕ್ಷೆ. ಆದರೆ ಅದು ಐದು ನಿಮಿಷ ಮಾತ್ರ, ಅದರ ಮೇಲೆ ಕೈ ಭಾರವಾಗಿ ಮತ್ತೆ ಒತ್ತಲು ಶುರುಮಾಡುತ್ತದೆ. ಎರಡು ತಿಂಗಳ ಮೇಲೆ 80ರಲ್ಲಿ ರೂಪಕ್ ನಾಲ್ಕು ನಿಮಿಷ ರೆಕಾರ್ಡ್ ಮಾಡಿ ಕಳಿಸಿ. ವಿಡಿಯೋ ಬೇಡ, ಆಡಿಯೋ ಸಾಕು. ಯಾವ ಸುತ್ತು ಎಡದಿಂದ ಹೊರಟಿತು ಎಂದು ನನಗೆ ಗುರುತು ಹತ್ತುತ್ತದೆಯೋ ನೋಡೋಣ.